ಫೇಲ್ಡ್: ಸೊನ್ನೆ

ಮೇಲ್‌ಬಾಕ್ಸ್ ಸಾಗಿಸಿಕೊಟ್ಟ ಮಹನೀಯರಿಗೆ ರಾಯದುರ್ಗದಿಂದ ಒಂದು ಬಹಿರಂಗ ಪತ್ರ

ಮಾನ್ಯರೆ,

ಮೊದಲು ಅಭಿನಂದನೆ. ನಮ್ಮ ಪುಟ್ಟ ಕನ್ನಡ ಸಂಘದ ಹದಿನೇಳು ವರ್ಷಗಳ ಮೇಲ್‌ಬಾಕ್ಸು, ತೂಕ 42 ಜಿಬಿ, ಹಳೆಯ ಸರ್ವರಿನಿಂದ ನಿಮ್ಮ ಹೊಸ ಸರ್ವರಿಗೆ ಬಂದು ಸೇರಿದೆ. ಕೆಲಸ ಮುಗಿದ ಮೇಲೆ ನೀವು ಕಳಿಸಿದ ವರದಿ ನನ್ನ ಮುಂದಿದೆ. ಒಂದೇ ಪುಟ. ಹೊರಟ ಸಂದೇಶಗಳೆಷ್ಟು, ತಲುಪಿದವೆಷ್ಟು ಎಂದು ಎರಡು ಕಾಲಂ. ಎರಡರಲ್ಲೂ ಒಂದೇ ಸಂಖ್ಯೆ. ಕೆಳಗೆ ಹಸಿರು ಅಕ್ಷರದಲ್ಲಿ 'ಫೇಲ್ಡ್: ಸೊನ್ನೆ'.

ಇಷ್ಟು ಚೊಕ್ಕ ಲೆಕ್ಕವನ್ನು ನಾನು ಸಂಘದ ಖಜಾಂಚಿಯ ಕೈಯಲ್ಲೂ ಕಂಡಿಲ್ಲ. ಒಂದು ಸಣ್ಣ ಸಂಗತಿ ಮಾತ್ರ ವರದಿಯಲ್ಲಿ ಬಿಟ್ಟುಹೋಗಿದೆ. ಮೊದಲ ಏಳೆಂಟು ವರ್ಷ ನಾವು ಕನ್ನಡದಲ್ಲಿ ಬರೆದ ಕಾಗದಗಳಲ್ಲಿ ಒಂದನ್ನೂ ಈಗ ಓದಲಾಗುತ್ತಿಲ್ಲ. ಇವೆ. ಎಲ್ಲವೂ ಇವೆ. ಎಣಿಸಬಹುದು, ತೂಗಬಹುದು, ಒಂದು ಫೋಲ್ಡರಿನಿಂದ ಎತ್ತಿ ಇನ್ನೊಂದಕ್ಕೆ ಹಾಕಬಹುದು. ಓದಲಾಗದು, ಅಷ್ಟೆ.

ದೂರು ಅಂದುಕೊಳ್ಳಬೇಡಿ. ವಲಸೆ ಎಂಬ ವಿದ್ಯೆಯಲ್ಲಿ ನಮ್ಮ ಕಡೆಯವರಿಗೆ ಇರುವ ಅನುಭವ ನಿಮಗೆ ಇರಲಾರದು. ಅದನ್ನು ನಿಮ್ಮೊಡನೆ ಹಂಚಿಕೊಳ್ಳೋಣವೆಂದೇ ಬರೆಯುತ್ತಿದ್ದೇನೆ. ಸಲಹಾ ಶುಲ್ಕವೇನೂ ಬೇಡ.

ನಾವು ಯಾರು ಅನ್ನುವುದರಲ್ಲೇ ನಿಮಗೆ ಮೊದಲ ದಿನ ಗೊಂದಲವಾಗಿತ್ತು. ಫೋನಿನಲ್ಲಿ ನಿಮ್ಮ ಹುಡುಗ ಬಹಳ ವಿನಯದಿಂದ ಕೇಳಿದ: "ರಾಯದುರ್ಗಂ ಅಂದ್ರೆ ಮೆಟ್ರೋ ಸ್ಟೇಷನ್ ಹತ್ರಾನಾ ಸಾರ್?" ಅದು ಹೈದರಾಬಾದಿನ ರಾಯದುರ್ಗಂ, ತಮ್ಮಾ. ಹೈಟೆಕ್ ಸಿಟಿಯ ಪಕ್ಕದ್ದು, ಕಂಪ್ಯೂಟರುಗಳೆಲ್ಲ ಇರುವುದು ಅಲ್ಲಿ. ನಮ್ಮದು ಅನಂತಪುರ ಜಿಲ್ಲೆಯದು, ಪಿನ್ 515865. ಇಲ್ಲಿ ಬೆಟ್ಟದ ಮೇಲೆ ಕೋಟೆಯಿದೆ, ಕೆಳಗೆ ಜೀನ್ಸು ಹೊಲಿಯುವ ಮೆಷಿನ್ನುಗಳಿವೆ, ನಡುವೆ ನಾವಿದ್ದೇವೆ. ನಮ್ಮ ಸಂಘದ ಅರ್ಧ ಜನ ಇರುವುದು ಜಿಲ್ಲೆಯ ಆ ತುದಿಯಲ್ಲಿ, ಮಡಕಶಿರಾದಲ್ಲಿ. ಜಿಲ್ಲೆ ಎಂದೆನೆ? ಕ್ಷಮಿಸಿ, 2022ರ ಏಪ್ರಿಲ್ 4ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆ, ಕೇಂದ್ರ ಪುಟ್ಟಪರ್ತಿ. ಒಂದು ಸೋಮವಾರ ಬೆಳಿಗ್ಗೆ ಎದ್ದು ನೋಡುವಷ್ಟರಲ್ಲಿ ಮಡಕಶಿರಾ ಬೇರೆ ಫೋಲ್ಡರಿನಲ್ಲಿತ್ತು. ಪಿನ್ ಮಾತ್ರ ಅದೇ 515301.

ಹೀಗಾಗುವುದು ನಮಗೆ ಹೊಸದಲ್ಲ. ವಿಜಯನಗರ ಹೋಯಿತು, ಪಾಳೇಗಾರರು ಬಂದರು. ಹೈದರ್, ಟಿಪ್ಪು, ಆಮೇಲೆ ನಿಜಾಮ. 1800ರಲ್ಲಿ ನಿಜಾಮ ನಮ್ಮನ್ನು ಇಡಿಯಾಗಿ ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ. ಕೊಟ್ಟ ಸೀಮೆಯಾದ್ದರಿಂದ ಹೆಸರು ದತ್ತ ಮಂಡಲ. ರಾಯಲಸೀಮೆ ಎಂಬ ಮರ್ಯಾದೆಯ ಹೆಸರು ಬಂದದ್ದು 1928ರಲ್ಲಿ, ನಂದ್ಯಾಲದ ಸಭೆಯಲ್ಲಿ. ನೀವು ಡೇಟಾ ಅನ್ನುವುದಕ್ಕೆ ಕನ್ನಡದ ಪಂಡಿತರು ದತ್ತಾಂಶ ಎಂಬ ಪದ ಕಟ್ಟಿದಾಗ ಊರವರೆಲ್ಲ ನಕ್ಕರು, ನಮಗೆ ಮಾತ್ರ ಒಳಗೊಳಗೇ ಹೆಮ್ಮೆಯಾಯಿತು. ಎರಡು ಶತಮಾನ ಮೊದಲೇ ನಾವು ದತ್ತರಾಗಿದ್ದೆವು, ಅಂಶವಷ್ಟೇ ಬಾಕಿಯಿತ್ತು.

ಮುಂದಿನ ಲಾಗ್ ಫೈಲು ಚುಟುಕಾಗಿ ಹೇಳುತ್ತೇನೆ. 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆಯನ್ನು ಒಡೆದಾಗ ಮಡಕಶಿರಾ ಅತ್ತ ಹೋಯಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯನ್ನೇ ಹಂಚಿದರು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಸಂಡೂರು ಮೈಸೂರಿಗೆ. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. 1956ರಲ್ಲಿ ಆ ಆಂಧ್ರ ಆಂಧ್ರಪ್ರದೇಶವಾಯಿತು. 2014ರಲ್ಲಿ ಅದರಿಂದ ತೆಲಂಗಾಣ ಕಳಚಿಕೊಂಡಿತು. ಮದ್ರಾಸು, ಕರ್ನೂಲು, ಹೈದರಾಬಾದು, ಅಮರಾವತಿ ಎಂದು ನಮ್ಮ ರಾಜಧಾನಿ ನಾಲ್ಕು ಊರು ತಿರುಗಿದೆ, ಅಷ್ಟು ಕಾಲವೂ ನಮ್ಮ ಬೆಟ್ಟ ಒಂದು ಗೇಣೂ ಕದಲಿಲ್ಲ.

ನಿಮ್ಮ ವಲಸೆಗೂ ನಮ್ಮದಕ್ಕೂ ಇರುವ ಫರಕು ಇದೇ. ನಿಮ್ಮದರಲ್ಲಿ ಸಾಮಾನು ಹೋಗುತ್ತದೆ, ವಿಳಾಸ ನಿಲ್ಲುತ್ತದೆ. ದೆಹಲಿಯ ನಿದರ್ಶನವನ್ನೇ ನೋಡಿ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮೇಲ್‌ಬಾಕ್ಸುಗಳು ಸರ್ಕಾರದ್ದೇ ಸಂಸ್ಥೆಯಾದ ಎನ್‌ಐಸಿಯ ಸ್ವಂತ ವ್ಯವಸ್ಥೆಯಿಂದ ಜೋಹೋ ಕಂಪನಿಯ ವೇದಿಕೆಗೆ ಹೋದವು. 2023ರಲ್ಲಿ ಆದ ಏಳು ವರ್ಷದ ಗುತ್ತಿಗೆ ಅದು. ಆದರೂ ಅಧಿಕಾರಿಗಳ ವಿಳಾಸದ ಬಾಲ ಮೊದಲಿನಂತೆ ನಿಕ್ ಡಾಟ್ ಇನ್, ಇಲ್ಲವೆ ಗವ್ ಡಾಟ್ ಇನ್. ಮನೆ ಬದಲಾಯಿತು, ಬಾಗಿಲ ಮೇಲಿನ ಹೆಸರು ಅದೇ. ನಮ್ಮದು ತಿರುಗಾಮುರುಗಾ. ಮನೆ ಅಲ್ಲೇ, ಒಲೆ ಅಲ್ಲೇ, ಒಲೆಯ ಮುಂದೆ ಆಡುವ ಮಾತೂ ಅದೇ. ಬಾಗಿಲ ಮೇಲಿನ ಬೋರ್ಡು ಮಾತ್ರ ಬದಲಾಗುತ್ತ ಹೋಯಿತು. (ಜೋಹೋದ ಸ್ಥಾಪಕ ಶ್ರೀಧರ್ ವೆಂಬು ಅವರು ನೆಲೆಸಿರುವುದು ತಮಿಳುನಾಡಿನ ತೆಂಕಾಶಿ ಹತ್ತಿರದ ಹಳ್ಳಿಯಲ್ಲಿ. ಅಲ್ಲೇ ನೆರೆಯ ಶೆಂಕೋಟೆ 1956ರಲ್ಲಿ ತಿರುವಾಂಕೂರಿನ ಕಡೆಯಿಂದ ಮದ್ರಾಸಿಗೆ ಸೇರಿದ ಸೀಮೆ. ಮೇಲ್ ಸಾಗಿಸುವ ಕಸುಬು ಬೆಳೆಯಲು ಗಡಿಯ ನೀರು ಬೇಕೇನೋ. ಹಾಗಿದ್ದರೆ ನಮ್ಮೂರಿಗೂ ಒಂದು ಕಂಪನಿ ಬರಬೇಕಿತ್ತು.)

ಇನ್ನು ವೇಗದ ಮಾತು. 42 ಜಿಬಿ ಸಾಗಲು ಹದಿನೇಳು ದಿನ ಹಿಡಿಯಿತೆಂದು ನೀವು ನಾಲ್ಕು ಸಲ ಕ್ಷಮೆ ಕೇಳಿದಿರಿ. ಅದರ ಅಗತ್ಯವಿರಲಿಲ್ಲ. ದೊಡ್ಡ ಮೇಲ್ ಕಂಪನಿಗಳಲ್ಲೂ ಕೆಲವು ದಿನಕ್ಕಿಷ್ಟೇ ಎಂದು ಪಡಿ ಅಳೆದು ಕೊಡುತ್ತವೆ. ಗೂಗಲ್ಲಿನ ವರ್ಕ್‌ಸ್ಪೇಸಿನಲ್ಲೂ ಐಮ್ಯಾಪ್ ಎಂಬ ಮೇಲ್ ಪದ್ಧತಿಯ ಮೂಲಕ ಒಂದು ಖಾತೆಯಿಂದ ದಿನಕ್ಕೆ ಇಳಿಸಿಕೊಳ್ಳಲು ಬಿಡುವುದು 2,500 ಎಂಬಿ, ಏರಿಸಲು ಬಿಡುವುದು ಬರೀ 500. ನಮ್ಮ ಹಳೆಯ ಸರ್ವರಿನವರದೂ ಅದೇ ಅಳತೆ. ದಿನಕ್ಕೆ ಎರಡೂವರೆ ಜಿಬಿಯಂತೆ ಭಾಗಿಸಿದರೆ ಹದಿನೇಳನೆಯ ದಿನಕ್ಕೆ ಮುಗಿಯುತ್ತದೆ. ಈಗ ನಮ್ಮ ವಲಸೆಯ ವೇಗ ನೋಡಿ. ಆಂಧ್ರ ರಾಜ್ಯ ಕಾಯ್ದೆಯ ಮೇಲಿರುವ ತಾರೀಖು 1953ರ ಸೆಪ್ಟೆಂಬರ್ 14. ರಾಜ್ಯ ಹುಟ್ಟಿದ್ದು ಅಕ್ಟೋಬರ್ 1. ಎಣಿಸಿ ನೋಡಿ, ಅದೂ ಹದಿನೇಳೇ ದಿನ. ಮೂರು ತಾಲ್ಲೂಕು, ಅಲ್ಲಿನ ಕೆರೆ, ಕಚೇರಿ, ಪಹಣಿ, ಶಾಲೆ, ದನಕರು, ಜನ, ಎಲ್ಲವನ್ನೂ ಹದಿನೇಳು ದಿನದಲ್ಲಿ ಹೊಸ ಸರ್ವರಿಗೆ ಹಾಕಿದ ಸೀಮೆಯವರು ನಾವು. ಆಗಿನ ವರದಿಯಲ್ಲೂ ಫೇಲ್ಡ್ ಸೊನ್ನೆಯೇ ಇದ್ದಿರಬೇಕು. ಎಣಿಕೆಯಲ್ಲಿ ಒಬ್ಬನೂ ಕಡಿಮೆಯಾಗಲಿಲ್ಲ.

ಸಂಘದ ಮೇಲಿಗೆ 42 ಜಿಬಿ ಹೇಗಾಯಿತೆಂದು ನಿಮ್ಮ ಹುಡುಗ ಬೆರಗಾದನಲ್ಲ, ಅದಕ್ಕೆ ಕಾರಣ ಮನವಿಗಳು. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ, ಡಿ. ಹಿರೇಹಾಳು, ಬೊಮ್ಮನಹಾಳು, ಕಣೇಕಲ್ಲು ಕಡೆ ಇಂದಿಗೂ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಶಾಲೆ ತೆರೆದು ಇಷ್ಟು ವಾರವಾಯಿತು, ಪುಸ್ತಕ ಬಂದಿಲ್ಲ. ಕನ್ನಡ ಮೇಷ್ಟ್ರು ನಿವೃತ್ತರಾದರು, ಬದಲಿಗೆ ಬಂದವರಿಗೆ ಕನ್ನಡ ಬಾರದು. ಹೀಗೆ ವರ್ಷಕ್ಕೆ ಹತ್ತಾರು ಅರ್ಜಿ. ಪ್ರತಿಯೊಂದನ್ನೂ ಸಹಿ ಮಾಡಿ, ಸ್ಕ್ಯಾನ್ ಮಾಡಿ, ಲಗತ್ತಿಸಿ ಕಳಿಸುವುದು ನಮ್ಮ ಶಿಸ್ತು. ಲಗತ್ತನ್ನು ಮೇಲಿನೊಳಗೆ ತುಂಬುವ ಕ್ರಮಕ್ಕೆ ಬೇಸ್64 ಎನ್ನುತ್ತಾರೆಂದು ನಿಮಗೆ ಗೊತ್ತು, ನಮಗೆ ಈಗ ತಿಳಿಯಿತು. ಮೂರು ಬೈಟು ಕೊಟ್ಟರೆ ಅದು ನಾಲ್ಕು ಬೈಟಿನ ಜಾಗ ಹಿಡಿಯುತ್ತದೆ. ಶೇಂಗಾ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀಜಕ್ಕಿಂತ ಸಿಪ್ಪೆಯ ಚೀಲ ಯಾವಾಗಲೂ ದೊಡ್ಡದು. ನಮ್ಮ ಕಡೆ ಬೈಟು ಅಂದರೆ ಹೊಟೇಲಿನಲ್ಲಿ ಒಂದು ಕಾಫಿ ಇಬ್ಬರಿಗೆ ಎಂಬ ಅರ್ಥವೇ ಇನ್ನೂ ಜಾರಿಯಲ್ಲಿದೆ ಅನ್ನುವುದೂ ನಿಮ್ಮ ಗಮನಕ್ಕಿರಲಿ.

ತಾರೀಖಿನ ವಿಷಯದಲ್ಲಿ ನಿಮಗೆ ವಿಶೇಷ ಧನ್ಯವಾದ. ಸಂದೇಶ ಹಳೆಯ ಸರ್ವರಿಗೆ ಬಂದು ಬಿದ್ದ ದಿನವನ್ನೂ ಜೊತೆಗೇ ಒಯ್ಯಬೇಕೆಂದು ಐಮ್ಯಾಪಿನಲ್ಲಿ ವ್ಯವಸ್ಥೆಯಿದೆಯಂತೆ. ನೀವು ಅದನ್ನು ಬಿಟ್ಟಿರಿ. ಹಾಗಾಗಿ ಹದಿನೇಳು ವರ್ಷದ ಅರ್ಜಿಗಳೆಲ್ಲ ಆ ಹದಿನೇಳು ದಿನದಲ್ಲೇ ಬಂದಂತೆ ಕಾಣುತ್ತಿವೆ. 2009ರ ಪುಸ್ತಕದ ಗೋಳಿನ ಮೇಲೆ 2021ರ ಪುಸ್ತಕದ ಗೋಳು ಕೂತಿದೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಬರೆದ ನನಗೇ ಗುರುತು ಹತ್ತಲಿಲ್ಲ. ವಾಕ್ಯಗಳೂ ಒಂದೇ ಥರ ಇದ್ದದ್ದು ಅದಕ್ಕೆ ಇನ್ನೊಂದು ಕಾರಣ. ಅರ್ಜಿ ಪಡೆಯುವ ಮೇಜುಗಳಲ್ಲಿ ಈ ಪದ್ಧತಿ ಮೊದಲಿನಿಂದಲೂ ಇದೆ. ನಾವು ಯಾವ ವರ್ಷ ಹೋದರೂ, "ಈಗ ತಾನೇ ನಮ್ಮ ಗಮನಕ್ಕೆ ಬಂದಿದೆ" ಎನ್ನುತ್ತಾರೆ.

ಫೋಲ್ಡರುಗಳ ಹೆಸರಿನ ಕಥೆ ಇನ್ನೊಂದು. ಐಮ್ಯಾಪ್ ಎಂಬುದು 1986ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಮಾರ್ಕ್ ಕ್ರಿಸ್ಪಿನ್ ಹುಟ್ಟುಹಾಕಿದ ಪದ್ಧತಿ. ಆ ಕಾಲದ ತಂತಿಗಳಿಗೆ ಇಂಗ್ಲಿಷಲ್ಲದ್ದು ದಕ್ಕುತ್ತಿರಲಿಲ್ಲ. ಆಮೇಲೆ ಬೇರೆ ಭಾಷೆಯ ಫೋಲ್ಡರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಮುಚ್ಚಿ ಕಳಿಸುವ ಒಂದು ಉಪಾಯ ಮಾಡಿದರು. ಆ ಕಡೆಯವರು ಬಿಚ್ಚಿ ಓದಿಕೊಳ್ಳಬೇಕು. ನಿಮ್ಮ ಯಂತ್ರ ಬಿಚ್ಚುವುದನ್ನು ಮರೆಯಿತು. ಹಾಗಾಗಿ 'ಕನ್ನಡ' ಎಂಬ ನಮ್ಮ ಫೋಲ್ಡರಿನ ಹೆಸರು ಈಗ ಡಿ, ಜೆ ಎಂದು ಶುರುವಾಗಿ ಹತ್ತಾರು ಅಕ್ಷರ ಉದ್ದಕ್ಕೆ ಹೋಗುತ್ತದೆ. 'ಮಡಕಶಿರಾ' ಡಿ, ಕೆ ಎಂದು ಶುರುವಾಗುತ್ತದೆ. 'ರಾಯದುರ್ಗ' ಡಿ, ಎಲ್. ನಾನು ಹಾಸ್ಯಕ್ಕೆ ಹೇಳುತ್ತಿಲ್ಲ, ಲೆಕ್ಕ ಹಾಕಿದರೆ ಹಾಗೇ ಬರುತ್ತದೆ. ಒಂದು ಗಣೇಶನ ಮೆರವಣಿಗೆ, ಒಂದು ಬೆಂಗಳೂರಿನ ರಾಜಕಾರಣ, ಒಂದು ಡ್ರೈವಿಂಗ್ ಲೈಸೆನ್ಸು. ನಮ್ಮ ಇಡೀ ಸಾರ್ವಜನಿಕ ಜೀವನ ಮೂರು ಫೋಲ್ಡರಿನಲ್ಲಿ ಬಂತೆಂದು ಸಂಘದಲ್ಲಿ ನಕ್ಕೆವು.

ಆದರೆ ಕಾಗದಗಳ ಒಳಮೈ ನೋಡಿದಾಗ ನಗು ಬರಲಿಲ್ಲ.

ನಿಮ್ಮ ವಯಸ್ಸಿನವರಿಗೆ ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸಂಘ ಶುರುವಾದ ಕಾಲಕ್ಕೆ ನಮ್ಮಲ್ಲಿ ಯಾರೂ ಯೂನಿಕೋಡ್ ಬಳಸುತ್ತಿರಲಿಲ್ಲ. ನುಡಿ ಇತ್ತು, ಬರಹ ಇತ್ತು. ಬರಹವನ್ನು 1998ರಲ್ಲಿ ಶೇಷಾದ್ರಿವಾಸು ಅವರು ಒಬ್ಬರೇ ಕೂತು ಕಟ್ಟಿದರು. ನುಡಿಯನ್ನು ಕನ್ನಡ ಗಣಕ ಪರಿಷತ್ತು ಕೊಟ್ಟಿತು. ಆ ಇಬ್ಬರ ಉಪಕಾರ ಇಲ್ಲದಿದ್ದರೆ ಹದಿನೇಳು ವರ್ಷ ನಾವು ಇಂಗ್ಲಿಷಿನಲ್ಲಿ ಗೋಗರೆಯಬೇಕಾಗುತ್ತಿತ್ತು. ಆ ಕಾಲದ ಫಾಂಟುಗಳ ಗುಟ್ಟು ಏನೆಂದರೆ, ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಕನ್ನಡವೇ ಇರಲಿಲ್ಲ. ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದರು. ಫಾಂಟು ಇದ್ದವರಿಗೆ ಕನ್ನಡ ಕಾಣುತ್ತದೆ. ಇಲ್ಲದವರಿಗೆ 'ಕನ್ನಡ' ಎಂಬ ಪದ ಹೀಗೆ ಕಾಣುತ್ತದೆ: ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರು ಹೊತ್ತ ಎ, ಪೌಂಡಿನ ಗುರುತು, ಮತ್ತೆ ಗೀರು ಹೊತ್ತ ಎ, ಜರ್ಮನ್ನರ ಜೋಡಿ ಎಸ್ಸು, ಕ್ಯೂ, ಕೊನೆಗೆ ಇನ್ನೊಂದು ಗೀರು ಹೊತ್ತ ಎ. ಒಟ್ಟು ಏಳು. 'ನ' ಬಂದಲ್ಲೆಲ್ಲ ಒಂದು ಬ್ರಿಟಿಷ್ ಪೌಂಡು. 'ನಮ್ಮ ನಾಡು ನುಡಿ' ಎಂದು ಬರೆದರೆ ಮೂರು ಪೌಂಡು. ದತ್ತ ಮಂಡಲಕ್ಕೆ ಕಂಪನಿ ಸರ್ಕಾರದ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಸಾಹೇಬರು ಇದ್ದಿದ್ದರೆ ಇದಕ್ಕೂ ಕಂದಾಯ ಗೊತ್ತುಮಾಡುತ್ತಿದ್ದರು.

ಇಷ್ಟು ಇದ್ದಿದ್ದರೆ ತೊಂದರೆ ಇರಲಿಲ್ಲ. ಬೈಟುಗಳು ಸರಿಯಾಗಿದ್ದರೆ ಇವತ್ತಲ್ಲ ನಾಳೆ ಯಾರಾದರೂ ಅದನ್ನು ಕನ್ನಡಕ್ಕೆ ತಿರುಗಿಸಿಕೊಡುತ್ತಾರೆ, ಅದಕ್ಕೆ ಪರಿವರ್ತಕಗಳಿವೆ. ಸಾಗಿಸುವವನ ಧರ್ಮವೆಂದರೆ ಗಂಟು ಬಿಚ್ಚದೆ ಒಯ್ಯುವುದು. ನೀವು ದಾರಿಯಲ್ಲಿ ಗಂಟು ಬಿಚ್ಚಿದಿರಿ, ಒಳ್ಳೆಯ ಮನಸ್ಸಿನಿಂದಲೇ. ಹಳೆಯ ಕಾಲದ ಕಾಗದಗಳನ್ನೆಲ್ಲ ಯುಟಿಎಫ್-8 ಎಂಬ ಹೊಸ ಕ್ರಮಕ್ಕೆ 'ಸುಧಾರಿಸಿ' ಜೋಡಿಸಿದಿರಿ. ಆ ಗೀರು ಹೊತ್ತ ಎ ಇದೆಯಲ್ಲ, ಅದರ ಸಂಖ್ಯೆ 192. ಯುಟಿಎಫ್-8ರ ಕಟ್ಟಳೆಯಲ್ಲಿ 192 ಎಂಬ ಬೈಟಿಗೆ ಎಲ್ಲೂ ಪ್ರವೇಶವಿಲ್ಲ. ಬಂದರೆ ಅದು ಕಸ. ಕಸದ ಜಾಗದಲ್ಲಿ ಯಂತ್ರ ಒಂದು ಕಪ್ಪು ಹರಳನ್ನು ಕೂರಿಸುತ್ತದೆ, ಹರಳಿನೊಳಗೆ ಒಂದು ಪ್ರಶ್ನಾರ್ಥಕ.

ಆ 192 ನಮ್ಮ ಫಾಂಟಿನಲ್ಲಿ ಏನಾಗಿತ್ತು ಗೊತ್ತೆ? ತಲೆಕಟ್ಟು. ಕ, ನ, ಡ ಇವುಗಳ ನೆತ್ತಿಯ ಮೇಲೆ ಕೂರುವ ಆ ಗೆರೆ. ನಮ್ಮ ಒಂದನೇ ತರಗತಿ ಮಕ್ಕಳಿಗೆ ಸ್ಲೇಟಿನ ಮೇಲೆ ತಿದ್ದಿ ತಿದ್ದಿ ಕಲಿಸುವುದು ಅದನ್ನು. ಕನ್ನಡ ಅಕ್ಷರವನ್ನು ತೆಲುಗಿನ ಅಕ್ಷರದಿಂದ ದೂರದಿಂದಲೇ ಗುರುತಿಸುವುದೂ ಅದರಿಂದ. ಅವರದು ಮೇಲೆ ಚಿಮ್ಮುವ ಟಿಕ್ಕು, ನಮ್ಮದು ಅಡ್ಡಕ್ಕೆ ಹೋಗಿ ಸುರುಳಿಯಾಗುವ ಗೀಟು. ಹದಿನೇಳು ದಿನ ನಿಮ್ಮ ಯಂತ್ರ ಸಾಲಾಗಿ ಕೂತು ಒಂದೊಂದೇ ಅಕ್ಷರದ ತಲೆಕಟ್ಟು ಕಿತ್ತಿತು. ಏಳು ಗುರುತಿನ 'ಕನ್ನಡ'ದಲ್ಲಿ ಈಗ ಉಳಿದಿರುವುದು ಪಿ ಮತ್ತು ಕ್ಯೂ ಎಂಬ ಎರಡು ಇಂಗ್ಲಿಷ್ ಅಕ್ಷರ. ಮಿಕ್ಕ ಐದೂ ಹರಳು. ಎಲ್ಲ ಹರಳೂ ಒಂದೇ ಥರ, ಯಾವುದರ ಹಿಂದೆ ಯಾವ ಅಕ್ಷರ ಇತ್ತೆಂದು ಬ್ರಹ್ಮನೂ ಹೇಳಲಾರ. ನಮ್ಮ ಜಿಲ್ಲೆಯ ವಜ್ರಕರೂರಿನಲ್ಲಿ ಮೊದಲ ಮಳೆ ಬಿದ್ದರೆ ಜನ ಊಟ ಕಟ್ಟಿಕೊಂಡು ಹೊಲಕ್ಕಿಳಿದು ವಜ್ರ ಹುಡುಕುತ್ತಾರೆ. ನಮಗೆ ಮನೆಯಲ್ಲೇ, ಮಳೆಯಿಲ್ಲದೆ, ಲಕ್ಷಗಟ್ಟಲೆ ಸಿಕ್ಕವು.

ಎಣಿಕೆಯಲ್ಲಿ ಮಾತ್ರ ಒಂದೂ ಕಡಿಮೆಯಿಲ್ಲ.

ಯೂನಿಕೋಡಿಗೆ ಬಂದ ಮೇಲಿನ ಕಾಗದಗಳು ನೆಟ್ಟಗಿವೆ, ಸುಳ್ಳು ಹೇಳಬಾರದು. ಅಲ್ಲೂ ಗಡಿ ಉಂಟು ಅನ್ನುವುದು ನನಗೆ ಇತ್ತೀಚೆಗೆ ತಿಳಿದ ಸಂಗತಿ. ಯೂನಿಕೋಡಿನ ಲೇಔಟಿನಲ್ಲಿ ತೆಲುಗಿಗೆ 3072ರಿಂದ 3199ರ ತನಕ ಸೈಟು ಹಂಚಿದ್ದಾರೆ. ಕನ್ನಡಕ್ಕೆ 3200ರಿಂದ 3327. ಮಧ್ಯೆ ಒಂದು ಖಾಲಿ ನಿವೇಶನವೂ ಇಲ್ಲ, ಗೋಡೆಗೆ ಗೋಡೆ. ತೆಲುಗಿನ ಕ 3093, ಕನ್ನಡದ ಕ 3221. ಅಲ್ಲಿನ ಅಕ್ಷರಕ್ಕೆ 128 ಕೂಡಿಸಿದರೆ ಇಲ್ಲಿನದು. ಯಂತ್ರದ ಭಾಷೆಯಲ್ಲಿ ಹೇಳುವುದಾದರೆ ಒಂದೇ ಒಂದು ಬಿಟ್ಟಿನ ಅಂತರ. ಒಂದು ಬಿಟ್ಟು ಬಿಟ್ಟರೆ ಕನ್ನಡ ತೆಲುಗಾಗುತ್ತದೆ, ಕೊಟ್ಟರೆ ತೆಲುಗು ಕನ್ನಡವಾಗುತ್ತದೆ. ಇದನ್ನು ಮಾಡಿದ ಪುಣ್ಯಾತ್ಮರು ರಾಯದುರ್ಗಕ್ಕೆ ಬಂದಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಇಲ್ಲಿನ ಸಂತೆಯಲ್ಲಿ ಆಗುವುದೂ ಅದೇ. ತರಕಾರಿಯವಳು ತೆಲುಗಿನಲ್ಲಿ ರೇಟು ಹೇಳುತ್ತಾಳೆ, ನಾವು ಕನ್ನಡದಲ್ಲಿ ಚೌಕಾಸಿ ಮಾಡುತ್ತೇವೆ, ಚಿಲ್ಲರೆ ಎಣಿಸುವಾಗ ಇಬ್ಬರಿಗೂ ಯಾವುದು ಯಾವುದೆಂದು ನೆನಪಿರುವುದಿಲ್ಲ. ಮಡಕಶಿರಾದ ಅಮರಾಪುರ ಮಂಡಲದಲ್ಲಿ ಹೇಮಾವತಿ ಇದೆ, ನೊಳಂಬರ ರಾಜಧಾನಿ ಹೆಂಜೇರು ಅದೇ. ಅಲ್ಲಿನ ಕನ್ನಡ ಶಾಸನಗಳನ್ನು ಕೆತ್ತಿದ ಕಾಲಕ್ಕೆ ಎರಡೂ ಭಾಷೆಗೆ ಲಿಪಿ ಹೆಚ್ಚುಕಡಿಮೆ ಒಂದೇ. ಸಾವಿರ ವರ್ಷದ ಮೇಲಾಯಿತು, ಆ ಕಲ್ಲನ್ನು ಎಷ್ಟು ರಾಜರು ತಮ್ಮ ತಮ್ಮ ಸರ್ವರಿಗೆ ಹಾಕಿಕೊಂಡರೋ. ಯಾರೂ ಸುಧಾರಿಸಲು ಹೋಗಲಿಲ್ಲವಾದ್ದರಿಂದ ಓದಲು ಬರುತ್ತದೆ.

ಇನ್ನೊಂದು ಚಿಕ್ಕ ವಿಷಯ. ನಿಮ್ಮ ಸರ್ವರಿಗೆ ಬಂದ ಮೇಲೆ ನಾವು ಕಳಿಸಿದ ಮೇಲುಗಳೆಲ್ಲ ಆರು ವಾರ ಅವರಿವರ ಸ್ಪ್ಯಾಮಿನಲ್ಲಿ ಹೋಗಿ ಬಿದ್ದಿದ್ದವಂತೆ. ನಮ್ಮ ಹೆಸರಿನಲ್ಲಿ ಕಾಗದ ಹಾಕಲು ಯಾವ ಯಾವ ಸರ್ವರಿಗೆ ಹಕ್ಕಿದೆ ಎಂಬ ಪಟ್ಟಿಗೆ ಎಸ್‌ಪಿಎಫ್ ಎನ್ನುತ್ತಾರೆ. ಆ ಪಟ್ಟಿಯಲ್ಲಿ ಹಳೆಯವರ ಹೆಸರೇ ಇತ್ತು, ನಿಮ್ಮದು ಸೇರಿಸಿರಲಿಲ್ಲ. ಎಲ್ಲ ಕಡೆ ನಮ್ಮನ್ನು ವೇಷಧಾರಿಗಳೆಂದು ತಿಳಿದು ಬಾಗಿಲ ಹೊರಗೆ ಕೂರಿಸಿದರು. "ಆರು ವಾರ ನೀವು ಯಾಕೆ ಹೇಳಲಿಲ್ಲ" ಎಂದು ನಿಮ್ಮ ಮ್ಯಾನೇಜರ್ ಗಾರು ಕೇಳಿದರು. ಹೇಗೆ ಹೇಳುವುದು ಸ್ವಾಮಿ? ಉತ್ತರ ಬರುವುದು ನಿಂತಿತೆಂದು ಗೊತ್ತಾಗಬೇಕಾದರೆ ಮೊದಲು ಉತ್ತರ ಬರುತ್ತಿರಬೇಕು. ಕೊನೆಗೆ ಪತ್ತೆಯಾದದ್ದು ಸೊಸೆಯ ತವರಿಗೆ, ಚಳ್ಳಕೆರೆಗೆ, ಕಳಿಸಿದ ಸೀಮಂತದ ಕರೆಯೋಲೆಯಿಂದ. ಅವರು ಬರಲಿಲ್ಲ. ಆಮೇಲೆ ಆ ಮನೆಯವರೊಡನೆ ಆದ ಮಾತುಕತೆಯನ್ನು ಬಹಿರಂಗ ಪತ್ರದಲ್ಲಿ ಬರೆಯುವಂತಿಲ್ಲ.

ನೀವು ಒಂದು ಕೆಲಸವನ್ನು ಪುಸ್ತಕದಲ್ಲಿದ್ದಂತೆ ಮಾಡಿದಿರಿ ಎಂದು ಒಪ್ಪಬೇಕು. ಟಿಟಿಎಲ್ ಇಳಿಸಿದ್ದು. ಹೊರಗಿನವರು ನಮ್ಮ ಹಳೆಯ ವಿಳಾಸವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂಬ ಗಡುವು ಅದು. ಸಾಧಾರಣ 86,400 ಸೆಕೆಂಡು ಇರುತ್ತದೆ, ಒಂದು ದಿನ. ನೀವು ಅದನ್ನು ಎರಡು ದಿನ ಮುಂಚೆಯೇ 300 ಸೆಕೆಂಡಿಗೆ ತಂದಿರಿ. ಐದು ನಿಮಿಷದಲ್ಲಿ ಜಗತ್ತು ಹಳೆಯ ಮನೆ ಮರೆತು ಹೊಸದಕ್ಕೆ ಹೊರಳಿತು. ನಮ್ಮ ಟಿಟಿಎಲ್ ಇಳಿಸಲು 1953ರಲ್ಲಿ ಯಾರಿಗೂ ತೋಚಲಿಲ್ಲ. ಎಪ್ಪತ್ತು ವರ್ಷ ದಾಟಿತು, ಇಂದಿಗೂ ಜ್ವರ ಜೋರಾದರೆ ನಾವು ಬಳ್ಳಾರಿ ಗಾಡಿ ಹತ್ತುತ್ತೇವೆ. ಮದುವೆ ಜವಳಿಗೆ ಬಳ್ಳಾರಿ. ಮಡಕಶಿರಾದವರಿಗೆ ಶಿರಾ, ಮಧುಗಿರಿ. ಅನಂತಪುರ ನಮಗೆ ಬಳ್ಳಾರಿಯ ಎರಡರಷ್ಟು ದೂರ, ಅಲ್ಲಿಗೆ ಹೋಗುವುದು ಕಾಗದ ಪತ್ರ ಹಿಡಿದಾಗ. ರೈಲ್ವೆಯವರಿಗಂತೂ ಸುತ್ತೋಲೆ ತಲುಪಿಯೇ ಇಲ್ಲವೆಂದು ಕಾಣುತ್ತದೆ. ರಾಯದುರ್ಗ ಸ್ಟೇಷನ್ನು ಇಂದಿಗೂ ಹುಬ್ಬಳ್ಳಿಯ ನೈಋತ್ಯ ರೈಲ್ವೆಯ ಕೈಯಲ್ಲಿದೆ.

ಇಷ್ಟರ ಮೇಲೆ ನಿಮಗೊಂದು ಸಮಾಧಾನದ ಸುದ್ದಿ. ಕಾಗದಗಳು ಸಿಕ್ಕಿವೆ. ಮಡಕಶಿರಾದಲ್ಲಿ ನಮ್ಮ ಹುಡುಗನೊಬ್ಬ ಡಿಟಿಪಿ ಅಂಗಡಿ ಇಟ್ಟಿದ್ದಾನೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು. ಒಂದೇ ಲಗ್ನಪತ್ರಿಕೆಯನ್ನು ಅರ್ಧ ಕನ್ನಡದಲ್ಲಿ ಅರ್ಧ ತೆಲುಗಿನಲ್ಲಿ ಹೊಡೆಯುವುದು ಅವನ ದಿನದ ಕೆಲಸ, ಗಂಡಿನ ಕಡೆಗೊಂದು ಲಿಪಿ ಹೆಣ್ಣಿನ ಕಡೆಗೊಂದು. ಸಂಘದ ಮನವಿಗಳನ್ನು ಮೊದಲಿನಿಂದಲೂ ಬೆರಳಚ್ಚು ಮಾಡಿದವನು ಅವನೇ. ಅಂಗಡಿಯ ಮೂಲೆಯಲ್ಲಿ ವಿಂಡೋಸ್ ಎಕ್ಸ್‌ಪಿಯ ಒಂದು ಡಬ್ಬವಿದೆ, ಅದರ ಮೇಲೆ ಲಕ್ಷ್ಮಿ ಫೋಟೋ, ಅದಕ್ಕೆ ದಿನಾ ಊದುಬತ್ತಿ. ಅದರೊಳಗೆ ಅವನು ಸಂಘದ ಮೇಲನ್ನು ಪಾಪ್ ಎಂಬ ಇನ್ನೊಂದು ಪದ್ಧತಿಯಲ್ಲಿ ಇಳಿಸಿಕೊಂಡು, 'ಸರ್ವರಿನಲ್ಲೂ ಒಂದು ಪ್ರತಿ ಇರಲಿ' ಎಂಬ ಚೌಕಕ್ಕೆ ಗುರುತು ಹಾಕಿಟ್ಟಿದ್ದ. ಯಾಕಪ್ಪ ಎಂದರೆ, "ಕರೆಂಟು ಹೋದ್ರೆ ಇರ್ಲಿ ಅಂತ ಸಾರ್" ಎಂದ. ಫಾಂಟೂ ಅಲ್ಲೇ ಇತ್ತು, 192ಕ್ಕೆ 192 ನೆಟ್ಟಗಿತ್ತು. ಪರಿವರ್ತಕಕ್ಕೆ ಹಾಕಿದ, ತಲೆಕಟ್ಟುಗಳು ಒಂದೊಂದಾಗಿ ಬಂದು ತಂತಮ್ಮ ನೆತ್ತಿಯ ಮೇಲೆ ಕೂತವು. ಒತ್ತಕ್ಷರ ಕೆಲವು ಅಡ್ಡಾದಿಡ್ಡಿ ಆಗಿವೆ, ಅರ್ಕಾವತ್ತು ಕೆಲವೆಡೆ ಪಕ್ಕದ ಮನೆ ಹೊಕ್ಕಿದೆ. ಅದನ್ನು ನಾವು ಕೂತು ತಿದ್ದುತ್ತೇವೆ, ನಿವೃತ್ತ ಮೇಷ್ಟರುಗಳಿಗೆ ಬೇರೆ ಕೆಲಸವೇನಿದೆ. ಹುಡುಗ ಐದನೇ ತರಗತಿಯ ತನಕ ಕನ್ನಡ ಮಾಧ್ಯಮ, ಆಮೇಲೆ ತೆಲುಗು, ಇಂಟರ್‌ಮೀಡಿಯಟ್ಟಿಗೆ ಇಂಗ್ಲಿಷ್. ಅವನ ಸಂಪಾದನೆ ಕೇಳಿದರೆ ನಿಮ್ಮ ಮ್ಯಾನೇಜರ್ ಗಾರು ನಂಬಲಾರರು, ಹೇಳುವುದಿಲ್ಲ.

ಆದ್ದರಿಂದ ನಮ್ಮ ಕೋರಿಕೆ ಇಷ್ಟೆ. ಪರಿಹಾರ ಬೇಡ, ಕ್ಷಮೆ ಬೇಡ, ಉಚಿತವಾಗಿ ಕೊಡುತ್ತೇವೆಂದ ಇನ್ನೂ 50 ಜಿಬಿ ಜಾಗವೂ ಬೇಡ. ಹಳೆಯ ಸರ್ವರಿನಲ್ಲಿರುವ ನಕಲನ್ನು ಇಂದಿನಿಂದ ಮೂವತ್ತನೇ ದಿನಕ್ಕೆ ಅಳಿಸುತ್ತೇವೆ ಎಂದು ನೋಟೀಸು ಕೊಟ್ಟಿದ್ದೀರಿ. ಇನ್ನೊಂದು ತಿಂಗಳು ತಡೆಯಿರಿ. ಮಡಕಶಿರಾದ ಡಬ್ಬದಲ್ಲಿ ಇಲ್ಲದ ಲಗತ್ತುಗಳು ಅಲ್ಲಿವೆ. ಅವನ್ನು ಈ ಸಲ ನಾವೇ ತಂದುಕೊಳ್ಳುತ್ತೇವೆ, ಗಂಟು ಬಿಚ್ಚದೆ. ಹಾರ್ಡ್‌ಡಿಸ್ಕ್ ಕೊಂಡಾಗಿದೆ, ಬಳ್ಳಾರಿಯಲ್ಲೇ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
ರಾಯದುರ್ಗ, 515865

ತಾ.ಕ.: 'ನಿಮ್ಮ ವಲಸೆಯ ಅನುಭವ ಹೇಗಿತ್ತು' ಎಂದು ನಿನ್ನೆ ಒಂದು ಪ್ರಶ್ನಾವಳಿ ಕಳಿಸಿದ್ದೀರಿ. ಭಾಷೆ ಆರಿಸಿಕೊಳ್ಳಿ ಎಂಬಲ್ಲಿ ಇಂಗ್ಲಿಷ್ ಇತ್ತು, ಹಿಂದಿ ಇತ್ತು, ವಿಳಾಸ ನೋಡಿ ತೆಲುಗನ್ನೂ ಇಟ್ಟಿದ್ದೀರಿ. ಕನ್ನಡ ಇರಲಿಲ್ಲ. ತೆಲುಗನ್ನೇ ಒತ್ತಿ ಐದಕ್ಕೆ ಐದು ನಕ್ಷತ್ರ ಕೊಟ್ಟಿದ್ದೇನೆ. ನಿಮ್ಮ ಲೆಕ್ಕ ಕೆಡುವುದು ಬೇಡ.